ಕಿವಿಯಿಂದ ಎರಡು ಬೆರಳು ಮೇಲೆ

ಫೋನು ಹಿಡಿಯುವುದು ಹೇಗೆಂದು
ಎಂಬತ್ತೊಂದನೆಯ ವಯಸ್ಸಿಗೆ ಯಾರೂ ಕಲಿಸಬೇಕಿಲ್ಲ
ಎಂದುಕೊಂಡಿದ್ದೆ. ಕಲಿಸಿದರು.
ಕ್ಲಿನಿಕ್ಕಿನ ಹುಡುಗ ವಕಾರ್ ನನ್ನ ಮಣಿಕಟ್ಟು ಹಿಡಿದು
ಮೆಲ್ಲಗೆ ಮೇಲಕ್ಕೆ ಸರಿಸಿದ:
'ಇಲ್ಲಿ. ಕಿವಿಯಿಂದ ಎರಡು ಬೆರಳು ಮೇಲೆ.
ಈಗ ಕೇಳುವುದು ಕಿವಿಯಲ್ಲ, ಅದರ ಬೆನ್ನಿಗೆ ಕೂತ ಯಂತ್ರ.'
ಇವನಜ್ಜ ರಾತ್ರಿ ಪಾಳಿಯವನು.
ಹಗಲು ನಾನು ಬಿಟ್ಟುಹೋದ ಮಗ್ಗಗಳನ್ನೇ ನಡೆಸಿದವನು.
ಬಿಸಿ ಆರದ ಅದೇ ಕಬ್ಬಿಣ ಮುಟ್ಟಿದ್ದೇವೆ ಇಬ್ಬರೂ,
ಒಬ್ಬರನ್ನೊಬ್ಬರು ನೋಡದೆ.
ಅವನಿಗೂ ಕಿವುಡೇನೋ? ಕೇಳಿದೆ.
'ಅಜ್ಜನ ಟೀವಿ ಬೀದಿಗೆಲ್ಲ ಕೇಳುತ್ತಿತ್ತು' ಎಂದ.

ಮನೆಗೆ ಬಂದು ಅಭ್ಯಾಸ.
ಸ್ವಲ್ಪ ಒತ್ತಿದರೆ ಕುಯ್ಯೆಂದು ಸಿಳ್ಳೆ,
ಸ್ವಲ್ಪ ಬಿಟ್ಟರೆ ಎನಿಡ್ ಬಾವಿಯೊಳಗೆ.
ಟಿ ಗುಂಡಿ ಒತ್ತಿದರೆ ಸಿಳ್ಳೆಯಿಲ್ಲ ನಿಜ,
ಫ್ರಿಜ್ಜಿನ ಹತ್ತಿರ ಸುಳಿದರೆ ಮಾತ್ರ ಗುಂಯ್ ಗುಂಯ್,
ಕಾಲುವೆ ದಂಡೆಯ ಆ ಮಿಲ್ಲೇ ತಲೆಯೊಳಗೆ ಮತ್ತೆ ಶುರು.
ವೈರಿಲ್ಲದ ಫೋನು, ಹಿಡಿದು ಓಡಾಡಿದೆ,
ಅಡುಗೆಮನೆ, ಹಜಾರ, ಹಿಂದಿನ ಕಲ್ಲಿದ್ದಲ ಗೂಡು,
ಕವಲುಕಡ್ಡಿ ಹಿಡಿದು ಅಂತರ್ಜಲ ಹುಡುಕುವವನ ಹಾಗೆ.
ಸಿಕ್ಕಿತು. ಮೆಟ್ಟಿಲಿನ ಮೂರನೆಯ ಹಲಗೆ.
ಅಲ್ಲಿ ಕೂತರೆ ಎನಿಡ್‌ಳ ಸಕಾರಗಳೂ ದಕ್ಕುತ್ತವೆ.

ಎನಿಡ್ ನನ್ನ ಎದುರು ಮಗ್ಗದವಳು, ಇಪ್ಪತ್ತಾರು ವರ್ಷ.
ಲಾಳಿಗಳು ಬಡಿಯುವಾಗ ದೇವರೇ ಕೂಗಿದರೂ ಕೇಳದು.
ತುಟಿಯಲ್ಲೇ ಎಲ್ಲ, ಬಾಯಿ ಅಗಲಿಸಿ, ಹುಬ್ಬು ಕುಣಿಸಿ:
ಯಾರ ಮದುವೆ ಮುರಿಯಿತು, ಯಾರಿಗೆ ತಿಂಗಳು ನಿಂತಿತು,
ಫೋರ್‌ಮನ್ನನ ಪ್ಯಾಂಟಿಗೆ ಯಾವ ಗುಂಡಿಯಿಲ್ಲ.
ಬೀದಿಗೆ ಬಂದ ಮೇಲೂ ಅಷ್ಟೇ,
ಒಬ್ಬಳು ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ
ಮುಖಾಮುಖಿಯಾಗಿಯೇ ಮನೆ ತಲುಪುತ್ತಿದ್ದೆವು.
ಆ ಮುಖ ನನಗೆ ಹಾಸುಹೊಕ್ಕಾಗಿ ಗೊತ್ತು.
ದನಿ?
ಅದನ್ನು ಸರಿಯಾಗಿ ಕೇಳಿಯೇ ಇರಲಿಲ್ಲ ಎಂದು
ಮೂರನೆಯ ಮೆಟ್ಟಿಲ ಮೇಲೆ ತಿಳಿಯಿತು.
ಸಣ್ಣ ದನಿ. ಅಂಥ ದೊಡ್ಡ ಬಾಯಿಯ ಹೆಂಗಸು
ಶಾಲೆಯ ಹುಡುಗಿ ಯಾರಿಂದಲೋ ಕಡ ತಂದ ಹಾಗೆ.
ನಕ್ಕುಬಿಟ್ಟೆ. ಯಾಕೇ ನಗ್ತೀಯಾ ಅಂದಳು.
ಹೇಳಲಿಲ್ಲ.

ಗುರುವಾರ ಗುರುವಾರ, ಸಂಜೆ ಆರು.
ಫ್ಲೀಟ್‌ವುಡ್ಡಿನ ಗಾಳಿ, ಕಡಲಹಕ್ಕಿಗಳ ಕಳ್ಳತನ, ಸೊಸೆಯ ನಾಯಿ.
ಎಳೆ ಕಡಿದಲ್ಲಿ ಗಂಟು ಹಾಕುತ್ತೇನೆ:
ಜೇನು ಅಂದೆಯೋ, ಮೀನು ಅಂದೆಯೋ?
ಗಂಟೂ ನಿಲ್ಲದಿದ್ದರೆ ಹ್ಞೂಂ ಅನ್ನುತ್ತೇನೆ.
ಅವಳೂ ಹ್ಞೂಂ.
ಅವಳ ಕಿವಿಯ ಬೆನ್ನಿಗೂ ಯಂತ್ರವೇ.

ಮೊನ್ನೆ ಮಾತು ನಡುವೆಯೇ ನಿಂತಿತು.
ಬ್ಯಾಟರಿ ಎಂದುಕೊಂಡೆ. ಹಸಿರು ದೀಪ ಉರಿಯುತ್ತಿತ್ತು.
ಟಿ ತೆಗೆದೆ, ಮತ್ತೆ ಹಾಕಿದೆ,
ಫೋನನ್ನು ಕೂದಲೆಳೆಯಷ್ಟು ಆಚೆ, ಈಚೆ.
ಅವಳ ಗೋಡೆ ಗಡಿಯಾರ ಕೇಳಿಸುತ್ತಿದೆ.
ಉಸಿರು, ಅದೂ ತುಂಡು ತುಂಡು;
ನಡುನಡುವೆ ತುಟಿಗೆ ತುಟಿ ಕೂಡಿ ಬಿಡುವ ಒದ್ದೆ ಸದ್ದು,
ಪಕಾರ ಬಕಾರಗಳಿಗೆ ಆಗುವಂಥದು.
ಆಗ ಹೊಳೆಯಿತು.
ಹೇಳುತ್ತಿದ್ದಾಳೆ.
ತೀರ ಒಳಗಿನದನ್ನು ಮಿಲ್ಲಿನಲ್ಲಿ ಹೇಳುತ್ತಿದ್ದ ಹಾಗೆ
ದನಿಯನ್ನು ಪೂರ್ತಿ ತೆಗೆದಿಟ್ಟು
ಬರೀ ಬಾಯಿಂದ,
ಫ್ಲೀಟ್‌ವುಡ್ಡಿನ ಗೋಡೆಗೆ.

ಕೇಳಿಸಲಿಲ್ಲ ಅನ್ನಬಹುದಿತ್ತು,
ದಿನಕ್ಕೆ ನಲವತ್ತು ಸಲ ಅನ್ನುವ ಮಾತೇ.
ಅನ್ನಲಿಲ್ಲ. ಅವಳು ಮುಗಿಸುವ ತನಕ
ತೋಳು ಸೋತರೂ ಎರಡು ಬೆರಳು ಮೇಲೆಯೇ ಹಿಡಿದಿದ್ದೆ.
ಆಮೇಲೆ ಆ ಸಣ್ಣ ದನಿ:
'ಅಷ್ಟೇ ಕಣೇ. ಯಾರಿಗೂ ಹೇಳಬೇಡ.'
ಇಲ್ಲ ಅಂದೆ. ಸುಳ್ಳಂತೂ ಅಲ್ಲ.

ಬೆಳಿಗ್ಗೆ ಎಂಟೂಕಾಲರ ಬಸ್ಸು,
ಪ್ರೆಸ್ಟನ್ನಿನಲ್ಲಿ ಇಳಿದು ಇನ್ನೊಂದು.
ಚೀಲದಲ್ಲಿ ಬಟಾಣಿಯಷ್ಟು ಬ್ಯಾಟರಿಗಳು, ಶುಂಠಿ ಕೇಕು.
ಅವಳನ್ನು ಕಿಟಕಿಯೆದುರು ಕೂರಿಸಬೇಕು,
ಬೆಳಕು ಬಾಯಿಯ ಮೇಲೆ ಬೀಳುವ ಹಾಗೆ.
ಇನ್ನೊಂದು ಸಲ ಹೇಳು ಅನ್ನಬೇಕು.
ಅದಕ್ಕೂ ಮೊದಲು ಯಂತ್ರಗಳನ್ನು ಕಿತ್ತು,
ಅವಳವೂ ನನ್ನವೂ, ಒಂದೇ ಸಾಸರಿಗೆ.
ಅವು ಬೇಕಾದರೆ
ಒಂದಕ್ಕೊಂದು ಸಿಳ್ಳೆ ಹಾಕಿಕೊಳ್ಳಲಿ.